ಪ್ರಾಕ್ಟಿಕಲ್ಸ್‌ನಲ್ಲಿ ಉತ್ತರ ಯಾಕೆ ಸರಿಯಾಗಿ ಬರಲ್ಲ? ಅಳತೆಯ ಎರರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲ್ಯಾಬಲ್ಲಿ ಎಲ್ಲಾ ಸರಿಯಾಗೇ ಮಾಡಿದ್ವಿ ಅನ್ಸಿರತ್ತೆ, ಕೊನೇಲಿ ಲೆಕ್ಕ ಹಾಕಿದ್ರೆ ಪುಸ್ತಕದ ಬೆಲೆ ಒಂದು ಕಡೆ, ನಮ್ಮ ಉತ್ತರ ಇನ್ನೊಂದು ಕಡೆ. ಆಗ ಎಲ್ಲರೂ ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರತ್ತೆ, ಅದನ್ನೆಲ್ಲಾ ಇಲ್ಲಿ ಒಟ್ಟಿಗೆ ಹಾಕಿದೀನಿ. ಉದಾಹರಣೆಗೆ ಜಾಸ್ತಿ ಸರಳ ಲೋಲಕವನ್ನೇ ಹಿಡ್ಕೊಂಡಿದೀನಿ, ಯಾಕಂದ್ರೆ ಒಂದು ದಾರ, ಒಂದು ಗುಂಡು, ಒಂದು ಸ್ಟಾಪ್‌ವಾಚ್ ಇಷ್ಟರಲ್ಲೇ ಇರೋಬರೋ ಎರರ್ ಎಲ್ಲಾ ಸಿಕ್ಕಿಬಿಡತ್ತೆ.

"ಹ್ಯೂಮನ್ ಎರರ್‌ನಿಂದ ವ್ಯತ್ಯಾಸ ಬಂದಿದೆ" ಅಂತ ಬರೆದೆ, ಮಾರ್ಕ್ಸ್ ಕಟ್ ಆಯ್ತು. ಯಾಕೆ?

ಯಾಕಂದ್ರೆ ಅದನ್ನ ಓದಿದವರಿಗೆ ಏನೂ ಗೊತ್ತಾಗಲ್ಲ. ಎರರ್ ಎಲ್ಲಿಂದ ಬಂತು, ಉತ್ತರಾನ ಯಾವ ಕಡೆ ತಳ್ತು, ಎಷ್ಟು ತಳ್ತು, ಇಷ್ಟು ಹೇಳಬೇಕು. ಇದರಲ್ಲಿ "ಯಾವ ಕಡೆ" ಅನ್ನೋದನ್ನ ಯೋಚಿಸೋರು ತೀರಾ ಕಮ್ಮಿ, ಆದ್ರೆ ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಉಪಯೋಗಕ್ಕೆ ಬರೋದು.

ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷ, ಅಂದ್ರೆ ಜಿ, ನಿಮಗೆ 9.7 ಬಂತು ಅಂದ್ಕೊಳ್ಳಿ, ಪುಸ್ತಕದ ಬೆಲೆ 9.8 ಮೀ/ಸೆ². (ಫಾರ್ಮುಲಾ: ಜಿ = 4π² × ಉದ್ದ ÷ ಆವರ್ತ ಕಾಲದ ವರ್ಗ. ಆವರ್ತ ಕಾಲ ಅಂದ್ರೆ ಗುಂಡು ಒಂದ್ಸಲ ಹೋಗಿ ಬರೋಕೆ, ಅಂದ್ರೆ ಒಂದು ಆಂದೋಲನಕ್ಕೆ, ಹಿಡಿಯೋ ಸಮಯ.) ಕಮ್ಮಿ ಬಂದಿದೆ. ಈಗ ಜಿ ಕಮ್ಮಿ ಮಾಡೋ ಕಾರಣ ಮಾತ್ರ ಹುಡುಕಿ. ಗುಂಡಿನ ಕೊಕ್ಕೆವರೆಗೆ ಮಾತ್ರ ದಾರ ಅಳೆದು, ಗುಂಡಿನ ಮಧ್ಯಭಾಗದವರೆಗೆ ಅಳೀಲಿಲ್ವಾ? ನಿಜವಾದ ಉದ್ದ 100 ಸೆಂ.ಮೀ. ಇದ್ದು ನೀವು 99 ಅಂತ ಬರ್ಕೊಂಡಿದ್ರೆ ಜಿ ಶೇಕಡ 1ರಷ್ಟು ಇಳಿದು ಸರಿಯಾಗಿ 9.7ಕ್ಕೆ ಬರತ್ತೆ. ಅಳೆದಾದ ಮೇಲೆ ಗುಂಡಿನ ಭಾರಕ್ಕೆ ದಾರ ಜಗ್ಗಿದ್ರೂ ಅದೇ ದಿಕ್ಕಿಗೇ ಹೋಗತ್ತೆ. ಉತ್ತರ ಹೋಗಿರೋ ದಿಕ್ಕಿಗೆ ಉಲ್ಟಾ ತಳ್ಳೋ ಕಾರಣ ಕೊಟ್ರೆ ಅದು ವಿವರಣೆ ಅಲ್ಲ, ಸುಮ್ನೆ ಜಾಗ ತುಂಬಿಸಿದ್ದು ಅಂತ ಚೆಕ್ ಮಾಡೋರಿಗೆ ತಕ್ಷಣ ಗೊತ್ತಾಗತ್ತೆ.

ನನಗೆ ಜಿ 10.9 ಬಂತು! ಇಷ್ಟೊಂದು ಹೇಗೆ?

ಇದು ಲೋಲಕದ ಪ್ರಯೋಗದಲ್ಲಿ ತುಂಬಾ ಫೇಮಸ್ ಉತ್ತರ. ಗುಂಡು ಬಿಟ್ಟು ಸ್ಟಾಪ್‌ವಾಚ್ ಒತ್ತೋವಾಗ "ಒಂದು" ಅಂತ ಶುರು ಮಾಡಿದ್ರಾ? ಹಾಗಿದ್ರೆ "ಇಪ್ಪತ್ತು" ಅಂದಾಗ ಆಗಿರೋದು 19 ಆಂದೋಲನ ಮಾತ್ರ. 19ರ ಟೈಮನ್ನ 20ರಿಂದ ಭಾಗಿಸಿದ್ರೆ ಆವರ್ತ ಕಾಲ ಶೇಕಡ 5 ಕಮ್ಮಿ ಬರತ್ತೆ, ಫಾರ್ಮುಲಾದಲ್ಲಿ ಅದರ ವರ್ಗ ಕೆಳಗಡೆ ಇರೋದ್ರಿಂದ ಜಿ ಶೇಕಡ 10ಕ್ಕಿಂತ ಸ್ವಲ್ಪ ಜಾಸ್ತಿನೇ ಏರಿ 10.9 ಹತ್ರ ಬಂದು ಕೂರತ್ತೆ. ಪರಿಹಾರ ಸಿಂಪಲ್: ವಾಚ್ ಒತ್ತೋವಾಗ "ಸೊನ್ನೆ" ಅನ್ನಿ. ಇನ್ನೂ ಒಳ್ಳೇದು ಅಂದ್ರೆ "ಮೂರು, ಎರಡು, ಒಂದು, ಸೊನ್ನೆ" ಅಂತ ಇಳಿಸ್ಕೊಂಡು ಬನ್ನಿ, ಕೈಗೂ ಒಂದು ಲಯ ಸಿಗತ್ತೆ.

ಒಂದೇ ಆಂದೋಲನದ ಟೈಮ್ ನೋಡಿದ್ರೆ ಸಾಕಲ್ವಾ? 20 ಎಣಿಸೋದು ಬೋರು.

ಬೋರೇ, ಆದ್ರೆ ಈ ಪ್ರಯೋಗದಲ್ಲಿ ಎರರ್ ಕಮ್ಮಿ ಮಾಡೋಕೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಕಣ್ಣು ನೋಡಿ ಬೆರಳು ಒತ್ತೋಕೆ ಸುಮಾರು 0.2 ಸೆಕೆಂಡ್ ಹಿಡಿಯತ್ತೆ. ಒಂದು ಮೀಟರ್ ಲೋಲಕದ ಆವರ್ತ ಕಾಲ ಹತ್ತತ್ರ 2 ಸೆಕೆಂಡ್. ಒಂದೇ ಆಂದೋಲನಕ್ಕೆ 0.2 ಸೆಕೆಂಡ್ ತಪ್ಪಿದ್ರೆ ಶೇಕಡ 10 ಹೋಯ್ತು, ಜಿ ಲೆಕ್ಕಕ್ಕೆ ಬಂದಾಗ ಶೇಕಡ 20. ಅದೇ 0.2 ಸೆಕೆಂಡ್ 20 ಆಂದೋಲನದ 40 ಸೆಕೆಂಡಲ್ಲಿ ಹಂಚಿದ್ರೆ ಬರೀ ಶೇಕಡ 0.5. ಬೆರಳು ಅದೇ, ವಾಚ್ ಅದೇ.

ಇನ್ನೊಂದು ವಿಷಯ, ಗುಂಡು ತುದಿಗೆ ಹೋಗಿ ತಿರುಗೋ ಜಾಗದಲ್ಲಿ ವಾಚ್ ಒತ್ತೋದು ಎಲ್ಲರಿಗೂ ಅಭ್ಯಾಸ, ಆದ್ರೆ ಅಲ್ಲಿ ಗುಂಡು ನಿಧಾನ ಆಗಿ ನಿಂತಂಗೆ ಇರತ್ತೆ, ಯಾವ ಕ್ಷಣ ತಿರುಗ್ತು ಅಂತ ಹೇಳೋಕೇ ಆಗಲ್ಲ. ನಡುವಿನಲ್ಲಿ ಅದು ಅತಿ ವೇಗವಾಗಿ ದಾಟತ್ತೆ. ದಾರ ನಿಂತಾಗ ಇರೋ ಜಾಗದ ಹಿಂದೆ ಒಂದು ಕಾರ್ಡ್ ಮೇಲೆ ನೇರ ಗೆರೆ ಎಳೆದು ನಿಲ್ಲಿಸಿ, ದಾರ ಆ ಗೆರೆ ದಾಟೋವಾಗ ಒತ್ತಿ. ಒಂದೇ ದಿಕ್ಕಿಂದ ದಾಟೋದನ್ನ ಮಾತ್ರ ಎಣಿಸಿ, ಇಲ್ಲಾಂದ್ರೆ ಅರ್ಧ ಆಂದೋಲನ ಎಕ್ಸ್‌ಟ್ರಾ ಸೇರ್ಕೊಳ್ಳತ್ತೆ.

ಲೋಲಕಾನ ಎಷ್ಟು ದೂರ ಎಳೆದು ಬಿಡಬೇಕು?

ಸ್ವಲ್ಪವೇ. ಆ ಫಾರ್ಮುಲಾ ಸಣ್ಣ ಕೋನಕ್ಕೆ ಮಾತ್ರ. 10 ಡಿಗ್ರಿಗೆ ಆವರ್ತ ಕಾಲ ಶೇಕಡ 0.2ರಷ್ಟು ಜಾಸ್ತಿ ಆಗತ್ತೆ, ಅದು ಲೆಕ್ಕಕ್ಕಿಲ್ಲ. 30 ಡಿಗ್ರಿಗೆ ಶೇಕಡ 1.7, 45ಕ್ಕೆ ಹೋದ್ರೆ ಶೇಕಡ 4. ಹಾಗೇ ಗುಂಡು ನೇರ ಒಂದೇ ಸಮತಲದಲ್ಲಿ ತೂಗಬೇಕು, ಸುತ್ತು ಹೊಡೀತಿದ್ರೆ ನಿಲ್ಲಿಸಿ ಮತ್ತೆ ಬಿಡಿ.

ನಾನು ವಾಚ್ ಹಿಡಿದ್ರೆ ಒಂದು ಉತ್ತರ, ಫ್ರೆಂಡ್ ಹಿಡಿದ್ರೆ ಇನ್ನೊಂದು. ಯಾರದ್ದು ಸರಿ?

ಇಬ್ಬರದ್ದೂ ಸ್ವಲ್ಪ ಸ್ವಲ್ಪ ತಪ್ಪಿರಬಹುದು, ಬೇರೆ ಬೇರೆ ಪ್ರಮಾಣದಲ್ಲಿ. ಇದು ಹಳೇ ಜಗಳ. ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥ ಮ್ಯಾಸ್ಕಲೈನ್ 1796ರಲ್ಲಿ ಕಿನ್ನೆಬ್ರೂಕ್ ಅನ್ನೋ ಸಹಾಯಕನನ್ನ ಕೆಲಸದಿಂದಲೇ ತೆಗೆದುಬಿಟ್ಟ, ಯಾಕಂದ್ರೆ ನಕ್ಷತ್ರ ದೂರದರ್ಶಕದ ಗೆರೆ ದಾಟೋ ಸಮಯಾನ ಅವನು ಮ್ಯಾಸ್ಕಲೈನ್‌ಗಿಂತ ಸುಮಾರು 0.8 ಸೆಕೆಂಡ್ ಲೇಟಾಗಿ ಬರ್ಕೋತಿದ್ದ. ಪಾಪ ಅವನು ಸೋಮಾರಿ ಏನಲ್ಲ. ಮುಂದೆ ಬೆಸೆಲ್ ಅನ್ನೋ ಖಗೋಳ ವಿಜ್ಞಾನಿ ಬೇರೆ ಬೇರೆ ವೀಕ್ಷಕರನ್ನ ಹೋಲಿಸಿ ನೋಡಿ, ಪ್ರತಿಯೊಬ್ಬರಿಗೂ ಅವರದ್ದೇ ಆದ ಒಂದು ವ್ಯತ್ಯಾಸ ಇರತ್ತೆ ಅಂತ ತೋರಿಸಿದ.

ಹಾಗಾಗಿ ಒಂದು ಸೆಟ್ ರೀಡಿಂಗ್ ಪೂರ್ತಿ ಒಬ್ಬರೇ ತಗೊಳ್ಳಿ. ಶುರು ಒಬ್ಬರು, ಸ್ಟಾಪ್ ಇನ್ನೊಬ್ಬರು ಅಂತೂ ಬೇಡವೇ ಬೇಡ, ಯಾಕಂದ್ರೆ ಒಬ್ಬರೇ ಮಾಡಿದಾಗ ಶುರುವಿನ ತಡ ಮತ್ತೆ ಕೊನೇ ತಡ ಬಹುಪಾಲು ಒಂದನ್ನೊಂದು ವಜಾ ಮಾಡ್ಕೊಳ್ಳತ್ತೆ.

ಫೋನ್ ಸ್ಟಾಪ್‌ವಾಚ್ 0.01 ಸೆಕೆಂಡ್ ತೋರಿಸತ್ತೆ, ಹಾಗಾದ್ರೆ ಎರರ್ 0.01 ತಾನೇ?

ಅಲ್ಲ. ವಾಚಿನದ್ದು 0.01, ಬೆರಳಿನದ್ದು 0.2. ಎರಡರಲ್ಲಿ ದೊಡ್ಡದೇ ಲೆಕ್ಕಕ್ಕೆ ಬರೋದು.

ಐದು ರೀಡಿಂಗ್ ತಗೊಂಡು ಸರಾಸರಿ ಮಾಡಿದ್ರೆ ಎರರ್ ಹೋಗಿಬಿಡತ್ತಲ್ವಾ?

ಅರ್ಧ ನಿಜ. ಕೆಲವು ಎರರ್ ಒಂದ್ಸಲ ಆ ಕಡೆ, ಒಂದ್ಸಲ ಈ ಕಡೆ ಬೀಳತ್ತೆ, ಬೆರಳಿನ ತಡ ಆ ಜಾತಿ, ಸರಾಸರಿ ಮಾಡಿದ್ರೆ ಕಮ್ಮಿ ಆಗತ್ತೆ. ಅದೂ ನಿಧಾನಕ್ಕೆ, ವರ್ಗಮೂಲದ ಲೆಕ್ಕದಲ್ಲಿ: 4 ರೀಡಿಂಗ್ ತಗೊಂಡ್ರೆ ಅರ್ಧ ಆಗತ್ತೆ, ಹತ್ತರಲ್ಲಿ ಒಂದು ಭಾಗಕ್ಕೆ ಇಳೀಬೇಕು ಅಂದ್ರೆ 100 ರೀಡಿಂಗ್ ಬೇಕು. ಅದಕ್ಕೇ ಐದಾರು ಸಲ ಆದ್ಮೇಲೆ ಇನ್ನೂ ಇನ್ನೂ ತಗೊಳ್ಳೋದರಲ್ಲಿ ಅಂಥ ಲಾಭ ಇಲ್ಲ, ವಿಧಾನಾನೇ ಸುಧಾರಿಸೋದು ವಾಸಿ.

ಇನ್ನು ಕೆಲವು ಎರರ್ ಪ್ರತೀ ಸಲ ಒಂದೇ ಕಡೆ ತಳ್ಳತ್ತೆ. ತುದಿ ಸವೆದಿರೋ ಸ್ಕೇಲ್, ಸೊನ್ನೆಗೆ ನಿಲ್ಲದ ಮುಳ್ಳು, ಸೆಟ್ ತಪ್ಪಿರೋ ತಕ್ಕಡಿ. ಇವಕ್ಕೆ ಸಾವಿರ ರೀಡಿಂಗ್ ತಗೊಂಡ್ರೂ ಸರಾಸರಿ ಅಲ್ಲೇ ನಿಂತಿರತ್ತೆ. ಇನ್ನೂ ಕಷ್ಟ ಏನಂದ್ರೆ ರೀಡಿಂಗ್ ಎಲ್ಲಾ ಒಂದಕ್ಕೊಂದು ಚೆನ್ನಾಗಿ ಹೊಂದ್ಕೊಂಡಿರತ್ತೆ, ಹಾಗಾಗಿ ಅನುಮಾನಾನೇ ಬರಲ್ಲ. ಮಿಲಿಕನ್ ಅನ್ನೋ ಭೌತವಿಜ್ಞಾನಿ ಎಣ್ಣೆ ಹನಿ ಪ್ರಯೋಗದಲ್ಲಿ ಎಲೆಕ್ಟ್ರಾನಿನ ಆವೇಶ ಅಳೆದು 1913ರಲ್ಲಿ ಪ್ರಕಟಿಸಿದ ಬೆಲೆ ಇವತ್ತಿನ ಬೆಲೆಗಿಂತ ಸುಮಾರು ಶೇಕಡ 0.6 ಕಮ್ಮಿ ಇತ್ತು. ಅಷ್ಟೊಂದು ಹನಿ ಅಳೆದಿದ್ರೂ ಅದು ಸರಿಹೋಗಲಿಲ್ಲ, ಯಾಕಂದ್ರೆ ಲೆಕ್ಕಕ್ಕೆ ಹಾಕಿದ ಗಾಳಿಯ ಸ್ನಿಗ್ಧತೆಯ (ಹನಿ ಬೀಳೋವಾಗ ಗಾಳಿ ಎಷ್ಟು ತಡೆಯತ್ತೆ ಅನ್ನೋದರ) ಬೆಲೆಯಲ್ಲೇ ತಪ್ಪಿತ್ತು.

ಇಂಥದ್ದನ್ನ ಹಿಡಿಯೋಕೆ ಬೇರೆ ಉಪಕರಣ ಅಥವಾ ಬೇರೆ ವಿಧಾನದಲ್ಲಿ ಒಂದ್ಸಲ ಅಳೆದು ನೋಡಬೇಕು, ಇಲ್ಲಾ ಬೆಲೆ ಮೊದಲೇ ಗೊತ್ತಿರೋ ವಸ್ತುವನ್ನ ಅಳೀಬೇಕು. ಸ್ಕೇಲಿನ ತುದಿ ಸವೆದಿದ್ರೆ 0 ಬಿಟ್ಟು 10 ಸೆಂ.ಮೀ. ಗುರುತಿನಿಂದ ಅಳೆದು ಆಮೇಲೆ 10 ಕಳೀರಿ. ಕಳೆಯೋದು ಮರೀಬೇಡಿ ಮತ್ತೆ!

ಒಂದು ರೀಡಿಂಗ್ ಮಾತ್ರ ಎಲ್ಲೋ ಹೋಗಿ ಬಿದ್ದಿದೆ. ತೆಗೆದುಹಾಕಬಹುದಾ?

ಕಾರಣ ಸಿಕ್ಕಿದ್ರೆ ತೆಗೀಬಹುದು, ಇಷ್ಟ ಆಗಲಿಲ್ಲ ಅಂತ ತೆಗೆಯೋ ಹಾಗಿಲ್ಲ. ಒಂದು ಮೀಟರ್ ಲೋಲಕ, 20 ಆಂದೋಲನ, ಈ ಐದು ರೀಡಿಂಗ್ ನೋಡಿ: 40.1, 40.3, 39.9, 40.2, 38.1. ಕೊನೇದು ಉಳಿದವಕ್ಕಿಂತ ಎಷ್ಟು ಕಮ್ಮಿ? ಸುಮಾರು 2 ಸೆಕೆಂಡ್. ಈ ಲೋಲಕದ ಆವರ್ತ ಕಾಲ ಎಷ್ಟು? ಅದೂ 2 ಸೆಕೆಂಡ್. ಅಂದ್ರೆ ಎಣಿಕೆಯಲ್ಲಿ ಒಂದು ತಪ್ಪಿಹೋಗಿದೆ ಅಂತ ರೀಡಿಂಗೇ ಬಾಯಿಬಿಟ್ಟು ಹೇಳ್ತಿದೆ. ಅದನ್ನ ಸೇರಿಸ್ಕೊಂಡ್ರೆ ಸರಾಸರಿ 39.72, ಜಿ 10.0. ಬಿಟ್ರೆ ಸರಾಸರಿ 40.1, ಜಿ 9.8.

ಆದ್ರೆ ಬಿಡೋವಾಗ ರಬ್ಬರ್ ಹಾಕಬೇಡಿ. ಒಂದು ಗೆರೆ ಹೊಡೆದು ಪಕ್ಕದಲ್ಲಿ "ಎಣಿಕೆ ತಪ್ಪಿದೆ" ಅಂತ ಬರೆದು ಆರನೇ ರೀಡಿಂಗ್ ತಗೊಳ್ಳಿ. ಕಾರಣ ಗೊತ್ತಾಗದೇ ಇದ್ರೆ ಅದನ್ನ ಇಟ್ಕೊಂಡೇ ಇನ್ನೂ ಒಂದೆರಡು ಸಲ ಅಳೀರಿ.

ವರ್ನಿಯರ್‌ನಲ್ಲಿ ಝೀರೋ ಎರರ್ ಕೂಡಬೇಕಾ, ಕಳೀಬೇಕಾ? ಪ್ರತೀ ಸಲ ಕನ್ಫ್ಯೂಸ್.

ಯಾವಾಗ್ಲೂ ಕಳೀಬೇಕು, ಆದ್ರೆ ಚಿಹ್ನೆ ಸಮೇತ. ಬಾಯಿ ಪೂರ್ತಿ ಮುಚ್ಚಿದಾಗ ವರ್ನಿಯರ್ ಸೊನ್ನೆ ಮುಖ್ಯ ಸ್ಕೇಲಿನ ಸೊನ್ನೆಗಿಂತ ಬಲಕ್ಕಿದ್ದು, 3ನೇ ಗೆರೆ ಕೂಡ್ಕೊಂಡಿದ್ರೆ ಎರರ್ +0.03 ಸೆಂ.ಮೀ., 1.53 ಅಂತ ಬಂದದ್ದು 1.50 ಆಗತ್ತೆ. ಎಡಕ್ಕಿದ್ದು 7ನೇ ಗೆರೆ ಕೂಡ್ಕೊಂಡಿದ್ರೆ ಅದನ್ನ 0.07 ಅಂತ ಬರೆಯೋದು ಮಾಮೂಲಿ ತಪ್ಪು, ಅಲ್ಲಿ 10ರಿಂದ ಹಿಂದಕ್ಕೆ ಎಣಿಸಬೇಕು, ಹಾಗಾಗಿ −0.03. ಮೈನಸ್ಸನ್ನ ಕಳೆದ್ರೆ ಕೂಡಿದಂಗೆ, 1.47 ಇದ್ದದ್ದು 1.50. ಅನುಮಾನ ಬಂದ್ರೆ ಹೀಗೆ ಯೋಚಿಸಿ: ಏನೂ ಇಲ್ಲದೇ ಇದ್ದಾಗ್ಲೇ ಜಾಸ್ತಿ ತೋರಿಸೋ ಉಪಕರಣ, ವಸ್ತು ಇಟ್ಟಾಗ್ಲೂ ಅಷ್ಟೇ ಜಾಸ್ತಿ ತೋರಿಸತ್ತೆ.

ಸ್ಕ್ರೂ ಗೇಜಲ್ಲಿ ಪ್ರತೀ ಸಲ ಬೇರೆ ಬೇರೆ ಬರತ್ತೆ.

ಎರಡು ಕಾರಣ ಮಾಮೂಲು. ತಲೆಯನ್ನ ನೇರ ಹಿಡಿದು ಬಿಗಿ ಮಾಡ್ತಿದೀರ, ಬಿಗಿ ಒಂದೊಂದ್ಸಲ ಒಂದೊಂದು ಥರ ಆಗತ್ತೆ. ತುದಿಯಲ್ಲಿರೋ ರ‍್ಯಾಚೆಟ್ ಹಿಡಿದೇ ತಿರುಗಿಸಿ, ಟಿಕ್ ಟಿಕ್ ಅಂದ ಮೇಲೆ ನಿಲ್ಲಿಸಿ. ಇನ್ನೊಂದು, ಹಳೇ ಗೇಜಲ್ಲಿ ಸ್ಕ್ರೂ ಸಡಿಲ ಆಗಿದ್ರೆ ದಿಕ್ಕು ಬದಲಾಯಿಸಿದಾಗ ತಲೆ ತಿರುಗಿದ್ರೂ ತುದಿ ಸ್ವಲ್ಪ ಹೊತ್ತು ಕದಲಲ್ಲ, ಅದಕ್ಕೆ ಯಾವಾಗ್ಲೂ ಒಂದೇ ದಿಕ್ಕಿಂದ ಬಂದು ರೀಡಿಂಗ್ ತಗೊಳ್ಳಿ. ಮತ್ತೆ ತಂತಿ ನಿಜವಾಗ್ಲೂ ಪೂರ್ತಿ ದುಂಡಗೆ ಇರಬೇಕು ಅಂತ ಏನಿಲ್ಲ, ಒಂದೇ ಜಾಗದಲ್ಲಿ ಅಡ್ಡ ಒಂದು, ಅದನ್ನೇ ತಿರುಗಿಸಿ ಇನ್ನೊಂದು ಅಳೆದು, ಹಾಗೇ ಮೂರ್ನಾಲ್ಕು ಜಾಗದಲ್ಲಿ ಮಾಡಿ.

ಎಲ್ಲಾ ಅಳತೇನೂ ಅಷ್ಟೇ ಜಾಗ್ರತೆಯಿಂದ ಮಾಡಬೇಕಾ? ಟೈಮ್ ಸಾಕಾಗಲ್ಲ.

ಬೇಡ. ಫಾರ್ಮುಲಾ ನೋಡಿ, ಯಾವುದರ ಮೇಲೆ ವರ್ಗ, ಘನ ಇದೆಯೋ ಅದರ ಮೇಲೆ ಶ್ರಮ ಹಾಕಿ. ಗುಣಾಕಾರ ಭಾಗಾಕಾರದಲ್ಲಿ ಶೇಕಡಾವಾರು ಎರರ್ ಕೂಡ್ಕೋತಾ ಹೋಗತ್ತೆ, ಘಾತ ಇದ್ರೆ ಅಷ್ಟರಿಂದ ಗುಣಿಸ್ಕೊಳ್ಳತ್ತೆ. 1.5 ಸೆಂ.ಮೀ. ವ್ಯಾಸದ ಗೋಲಿಯ ಗಾತ್ರ ಬೇಕು ಅಂದ್ಕೊಳ್ಳಿ. ಸ್ಕೇಲಲ್ಲಿ 1 ಮಿ.ಮೀ. ಆಚೀಚೆ ಆದ್ರೆ ವ್ಯಾಸದಲ್ಲಿ ಶೇಕಡ 6.7, ಗಾತ್ರದಲ್ಲಿ ಅದರ ಮೂರು ಪಟ್ಟು, ಅಂದ್ರೆ ಶೇಕಡ 20. ವರ್ನಿಯರ್‌ನಲ್ಲಿ ಅಳೆದ್ರೆ ಗಾತ್ರದ ಎರರ್ ಶೇಕಡ 2ಕ್ಕೆ ಇಳೀತು. ಈ ಗೋಲಿಯ ಸಾಂದ್ರತೆ ಕಂಡುಹಿಡಿಯೋಕೆ ವ್ಯಾಸಾನ ಸ್ಕೇಲಲ್ಲಿ ಅಳೆದು ತೂಕ ಮಾತ್ರ ಮಿಲಿಗ್ರಾಂವರೆಗೆ ನೋಡ್ತಾ ಕೂತ್ರೆ ಆ ಮಿಲಿಗ್ರಾಂನಿಂದ ಏನೂ ಬದಲಾಗಲ್ಲ.

ಪ್ಯಾರಲಾಕ್ಸ್ ಬಗ್ಗೆ ಎಲ್ಲರೂ ಹೇಳ್ತಾರೆ, ಅದು ಅಷ್ಟು ದೊಡ್ಡದಾ?

ಪ್ಯಾರಲಾಕ್ಸ್ ಅಂದ್ರೆ ಓರೆಯಾಗಿ ನೋಡಿದಾಗ ರೀಡಿಂಗ್ ಬೇರೆ ಕಾಣೋದು. ಎಷ್ಟು ದೊಡ್ಡದು ಅನ್ನೋದು ಮುಳ್ಳಿಗೂ ಸ್ಕೇಲಿಗೂ ನಡುವೆ ಎಷ್ಟು ಗ್ಯಾಪ್ ಇದೆ ಅನ್ನೋದರ ಮೇಲೆ. ಕೆಲವು ಮೀಟರಲ್ಲಿ ಮುಳ್ಳಿನ ಕೆಳಗೆ ಕನ್ನಡಿ ಪಟ್ಟಿ ಇರೋದು ಅಲಂಕಾರಕ್ಕಲ್ಲ, ಮುಳ್ಳು ಅದರ ಪ್ರತಿಬಿಂಬದ ಮೇಲೆ ಕೂತು ಪ್ರತಿಬಿಂಬ ಕಾಣದ ಹಾಗೆ ಆದಾಗ ಕಣ್ಣು ಸರಿಯಾಗಿ ಮೇಲಿದೆ ಅಂತ ಅರ್ಥ. ಅಳತೆ ಜಾಡಿಯಲ್ಲಿ ಕಣ್ಣನ್ನ ನೀರಿನ ಮಟ್ಟಕ್ಕೆ ತನ್ನಿ, ಜಾಡೀನ ಎತ್ತಿ ಕಣ್ಣಿನ ಹತ್ರ ತರಬೇಡಿ, ಓರೆ ಆಗತ್ತೆ. ನೀರಿನ ಬಾಗಿದ ಮೇಲ್ಮೈಯ ಕೆಳಗಿನ ಅಂಚು ನೋಡಬೇಕು, ಪಾದರಸಕ್ಕಾದ್ರೆ ಮೇಲಿನ ಅಂಚು.

ಟೈಟ್ರೇಶನ್‌ನಲ್ಲಿ ರೀಡಿಂಗ್ ಒಂದಕ್ಕೊಂದು ಹೊಂದೋದೇ ಇಲ್ಲ.

ಮೊದಲು ಬ್ಯೂರೆಟ್ (ದ್ರಾವಣಾನ ಅಳೆದು ಹನಿ ಹನಿಯಾಗಿ ಬಿಡೋ ಉದ್ದ ಕೊಳವೆ) ನಲ್ಲಿಯ ಕೆಳಗೆ ಗಾಳಿ ಗುಳ್ಳೆ ಇದೆಯಾ ನೋಡಿ. ಮಧ್ಯದಲ್ಲಿ ಅದು ಹೊರಗೆ ಹೋದ್ರೆ ಅಷ್ಟು ದ್ರಾವಣ ಫ್ಲಾಸ್ಕಿಗೆ ಬೀಳದೇನೇ ರೀಡಿಂಗಲ್ಲಿ ಸೇರಿಬಿಡತ್ತೆ. ಫನಲ್ ಮೇಲೇ ಬಿಟ್ಟಿದ್ರೆ ಅದರಿಂದ ಹನಿ ಇಳಿದು ಉಲ್ಟಾ ಎರರ್.

ತೊಳೆಯೋ ವಿಷಯದಲ್ಲಿ ತುಂಬಾ ಜನ ಎಡವ್ತಾರೆ. ಬ್ಯೂರೆಟ್, ಪಿಪೆಟ್ ನೀರಲ್ಲಿ ತೊಳೆದಾದ ಮೇಲೆ ಅದೇ ದ್ರಾವಣದಲ್ಲಿ ಒಮ್ಮೆ ತೊಳೀಬೇಕು, ಇಲ್ಲಾಂದ್ರೆ ಒಳಗೆ ಉಳಿದ ನೀರು ದ್ರಾವಣಾನ ತೆಳು ಮಾಡತ್ತೆ. ಆದ್ರೆ ಶಂಕುವಿನಾಕಾರದ ಫ್ಲಾಸ್ಕನ್ನ ದ್ರಾವಣದಲ್ಲಿ ತೊಳೀಲೇಬಾರದು, ಅಲ್ಲಿ ನೀರು ಉಳಿದಿದ್ರೂ ಪರವಾಗಿಲ್ಲ, ಯಾಕಂದ್ರೆ ಪಿಪೆಟ್‌ನಿಂದ ಹಾಕಿದ ಪದಾರ್ಥದ ಪ್ರಮಾಣ ನೀರು ಸೇರಿದ್ರೆ ಬದಲಾಗಲ್ಲ. ಪಿಪೆಟ್ ತುದಿಯಲ್ಲಿ ಉಳಿಯೋ ಕೊನೇ ಹನೀನ ಊದಬೇಡಿ, ಅದನ್ನ ಲೆಕ್ಕಕ್ಕೆ ಹಿಡಿದೇ ಗುರುತು ಹಾಕಿರ್ತಾರೆ.

ಬ್ಯೂರೆಟನ್ನ ಶುರುವಲ್ಲಿ ಒಂದ್ಸಲ, ಕೊನೇಲಿ ಒಂದ್ಸಲ ಓದ್ತೀವಿ, ಎರಡಕ್ಕೂ 0.05 ಮಿ.ಲೀ. ಅಂದ್ರೆ ಒಟ್ಟು 0.1. ಖರ್ಚಾದದ್ದು 25 ಮಿ.ಲೀ. ಇದ್ರೆ ಇದು ಶೇಕಡ 0.4, ಬರೀ 5 ಮಿ.ಲೀ. ಇದ್ರೆ ಶೇಕಡ 2. ತುಂಬಾ ಕಮ್ಮಿ ಖರ್ಚಾಗ್ತಿದ್ರೆ ಬ್ಯೂರೆಟ್‌ನ ದ್ರಾವಣಾನ ತೆಳು ಮಾಡ್ಕೊಂಡು ಮಾಡೋದು ಒಳ್ಳೇದು.

ಓಮ್ ನಿಯಮದ ಗ್ರಾಫ್ ಮೇಲೆ ಹೋಗ್ತಾ ಬಾಗ್ತಿದೆ, ಯಾಕೆ?

ತಂತಿ ಬಿಸಿ ಆಗ್ತಿದೆ. ತಾಮ್ರದ ರೋಧ ಪ್ರತೀ ಡಿಗ್ರಿಗೆ ಸುಮಾರು ಶೇಕಡ 0.4 ಏರತ್ತೆ, 25 ಡಿಗ್ರಿ ಬಿಸಿ ಆದ್ರೆ ಶೇಕಡ 10 ಹೋಯ್ತು. ಕೀ (ಸರ್ಕ್ಯೂಟಿನ ಸ್ವಿಚ್) ಹಾಕಿ, ರೀಡಿಂಗ್ ನೋಡಿ, ತಕ್ಷಣ ತೆಗೀರಿ. ಕೀ ಹಾಕಿಟ್ಟು ಹರಟೆ ಹೊಡೆಯೋದೇ ಈ ಪ್ರಯೋಗದ ದೊಡ್ಡ ಶತ್ರು. ತಂತಿ ಬದಲು ಬಲ್ಬ್ ಹಾಕಿದ್ರೆ ಬಾಗೋದು ಎರರ್ ಅಲ್ಲ, ಅದರ ಗುಣಾನೇ ಅದು.

ಉಷ್ಣದ ಪ್ರಯೋಗದಲ್ಲಿ ಶಾಖ ಹೊರಗೆ ಹೋಗೋದನ್ನ ತಡೆಯೋಕೆ ಆಗತ್ತಾ?

ಪೂರ್ತಿ ಆಗಲ್ಲ. ಮುಚ್ಚಳ, ಸುತ್ತ ಹತ್ತಿ, ಇವೆಲ್ಲಾ ಕಮ್ಮಿ ಮಾಡತ್ತೆ ಅಷ್ಟೇ. ಒಂದು ಚಂದದ ಉಪಾಯ ಇದೆ: ನೀರನ್ನ ಕೋಣೆಯ ತಾಪಮಾನಕ್ಕಿಂತ 5 ಡಿಗ್ರಿ ಕೆಳಗಿಂದ ಶುರು ಮಾಡಿ, 5 ಡಿಗ್ರಿ ಮೇಲೆ ಮುಗಿಯೋ ಹಾಗೆ ನೋಡ್ಕೊಳ್ಳಿ. ಮೊದಲರ್ಧ ಒಳಗೆ ಬಂದ ಶಾಖ, ಕೊನೆಯರ್ಧ ಹೊರಗೆ ಹೋದ ಶಾಖ, ಎರಡೂ ಹೆಚ್ಚುಕಮ್ಮಿ ಸರಿಸಮ ಆಗತ್ತೆ. ಬಿಸಿ ಪಾತ್ರೇನ ಹಾಗೇ ತಕ್ಕಡಿ ಮೇಲಿಟ್ಟು ತೂಕ ಮಾಡಬೇಡಿ, ಸುತ್ತಲ ಗಾಳಿ ಬಿಸಿಯಾಗಿ ಮೇಲಕ್ಕೆ ಹೋಗೋದ್ರಿಂದ ತೂಕ ಕಮ್ಮಿ ತೋರಿಸತ್ತೆ.

ಗ್ರಾಫ್ ಹಾಕೋದರಿಂದ ಎರರ್ ಕಮ್ಮಿ ಆಗತ್ತಾ, ಬರೀ ಶೋಗಾ?

ಗ್ರಾಫ್ ಕೆಲವು ಎರರನ್ನ ನಿಮಗೇ ಗೊತ್ತಿಲ್ಲದೆ ಪಕ್ಕಕ್ಕೆ ಸರಿಸಿಬಿಡತ್ತೆ. ಗುಂಡಿನ ತ್ರಿಜ್ಯ ಸೇರಿಸೋದು ಮರೆತು ಬರೀ ದಾರದ ಉದ್ದ ತಗೊಂಡಿದ್ರೂ, ಬೇರೆ ಬೇರೆ ಉದ್ದಕ್ಕೆ ಆವರ್ತ ಕಾಲದ ವರ್ಗಾನ ಗ್ರಾಫ್ ಹಾಕಿದ್ರೆ ಗೆರೆಯ ಸ್ಲೋಪ್ ಬದಲಾಗಲ್ಲ, ಜಿ ಸರಿಯಾಗೇ ಸಿಗತ್ತೆ. ಗೆರೆ ಮಾತ್ರ ಮೂಲಬಿಂದು ಬಿಟ್ಟು ಸ್ವಲ್ಪ ಮೇಲೆ ಹಾದು ಹೋಗತ್ತೆ, ಆ ವ್ಯತ್ಯಾಸದಿಂದ ಮರೆತ ತ್ರಿಜ್ಯಾನೂ ಲೆಕ್ಕ ಹಾಕಬಹುದು. ಅದಕ್ಕೇ ಗೆರೇನ ಬಲವಂತವಾಗಿ ಮೂಲಬಿಂದುವಿಗೆ ತಂದು ಸೇರಿಸಬೇಡಿ, ಚುಕ್ಕಿಯಿಂದ ಚುಕ್ಕಿಗೆ ಅಂಕುಡೊಂಕಾಗಿ ಜೋಡಿಸಲೂಬೇಡಿ.

ಉತ್ತರ ಪುಸ್ತಕದ ಬೆಲೆಗೆ ಹೊಂದಲಿಲ್ಲ. ಸ್ವಲ್ಪ ಅಡ್ಜಸ್ಟ್ ಮಾಡ್ಲಾ?

ಮಾಡಬೇಡಿ. 19ನೇ ಶತಮಾನದ ಕೊನೇಲಿ ರೇಲೀ ಅನ್ನೋ ವಿಜ್ಞಾನಿ ನೈಟ್ರೋಜನ್ ಸಾಂದ್ರತೆ ಅಳೀತಿದ್ದಾಗ, ಗಾಳಿಯಿಂದ ತೆಗೆದ ನೈಟ್ರೋಜನ್ನು ರಾಸಾಯನಿಕವಾಗಿ ತಯಾರಿಸಿದ್ದಕ್ಕಿಂತ ಸುಮಾರು ಶೇಕಡ 0.5 ಭಾರ ಬಂತು. ಅಡ್ಜಸ್ಟ್ ಮಾಡೋದು ಎಷ್ಟು ಸುಲಭ ಇತ್ತು! ಆದ್ರೆ ಅವರ ಅಳತೆಯ ಎರರ್ ಅದಕ್ಕಿಂತ ತುಂಬಾ ಸಣ್ಣದು ಅಂತ ಅವರಿಗೆ ಗೊತ್ತಿತ್ತು, ಹಾಗಾಗಿ ಬಿಡಲಿಲ್ಲ. ರ‍್ಯಾಮ್ಸೆ ಜೊತೆ ಸೇರಿ ಹುಡುಕಿದಾಗ 1894ರಲ್ಲಿ ಸಿಕ್ಕಿದ್ದು ಆರ್ಗಾನ್. 1904ರಲ್ಲಿ ಇಬ್ಬರಿಗೂ ನೊಬೆಲ್ ಬಂತು, ರೇಲೀಗೆ ಭೌತಶಾಸ್ತ್ರದಲ್ಲಿ, ರ‍್ಯಾಮ್ಸೆಗೆ ರಸಾಯನಶಾಸ್ತ್ರದಲ್ಲಿ. ನಿಮ್ಮ ಲ್ಯಾಬಲ್ಲಿ ಹೊಸ ಅನಿಲ ಸಿಗತ್ತೆ ಅಂತಲ್ಲ, ವ್ಯತ್ಯಾಸ ನಿಮ್ಮ ಎರರಿಗಿಂತ ದೊಡ್ಡದಾ ಚಿಕ್ಕದಾ ಅಂತ ಮೊದಲು ನೋಡಿ. ಚಿಕ್ಕದಾದ್ರೆ ಅಡ್ಜಸ್ಟ್ ಮಾಡೋಕೆ ಏನೂ ಇಲ್ಲ, ದೊಡ್ಡದಾದ್ರೆ ಹುಡುಕೋಕೆ ಏನೋ ಇದೆ.

ನೀರು 97 ಡಿಗ್ರಿಗೇ ಕುದೀತು, ಥರ್ಮಾಮೀಟರ್ ಕೆಟ್ಟಿದೆಯಾ?

ಇರಬಹುದು, ಆದ್ರೆ ಮೊದಲು ನೀವಿರೋ ಎತ್ತರ ನೋಡಿ. ಸಮುದ್ರ ಮಟ್ಟದಿಂದ ಪ್ರತೀ 300 ಮೀಟರಿಗೆ ಕುದಿಯೋ ಬಿಂದು ಹತ್ತತ್ರ 1 ಡಿಗ್ರಿ ಇಳಿಯತ್ತೆ, 900 ಮೀಟರ್ ಎತ್ತರದಲ್ಲಿ 97 ಬಂದ್ರೆ ಅದೇ ಸರಿ.

ಕ್ಯಾಲ್ಕುಲೇಟರ್ 9.8081263 ಅಂತ ತೋರಿಸತ್ತೆ. ಪೂರ್ತಿ ಬರೀಲಾ? ಕೊನೇಗೆ ರಿಪೋರ್ಟಲ್ಲಿ ಎರರ್ ಹೇಗೆ ಬರೀಬೇಕು?

ಮೇಲಿನ ಲೋಲಕದ್ದೇ ತಗೊಳ್ಳಿ. ಉದ್ದ 100.0 ಸೆಂ.ಮೀ., ಆಚೀಚೆ 0.1, ಅಂದ್ರೆ ಶೇಕಡ 0.1. ಇಪ್ಪತ್ತು ಆಂದೋಲನದ ಟೈಮ್ 40.1 ಸೆಕೆಂಡ್, ಒಳ್ಳೇ ರೀಡಿಂಗ್ 39.9ರಿಂದ 40.3ರವರೆಗೆ ಹರಡಿದೆ, ಅದರ ಅರ್ಧ 0.2, ಅಂದ್ರೆ ಶೇಕಡ 0.5, ವರ್ಗ ಇರೋದ್ರಿಂದ ಶೇಕಡ 1. ಒಟ್ಟು ಶೇಕಡ 1.1, ಜಿ ಬೆಲೆಯಲ್ಲಿ 0.1. ಹಾಗಾಗಿ 9.8 ± 0.1 ಅಂತ ಬರೀರಿ. ಮೊದಲ ದಶಮಾಂಶ ಸ್ಥಾನದಲ್ಲೇ ಅನುಮಾನ ಇದೆ ಅಂತಾದ್ರೆ ಅದರ ಮುಂದಿನ ಅಂಕಿಗಳು ಕ್ಯಾಲ್ಕುಲೇಟರಿಂದ ಬಂದದ್ದು, ಲೋಲಕದಿಂದಲ್ಲ. ಇದರ ಕೆಳಗೆ ಒಂದೇ ಸಾಲು ಸಾಕು: "ಹೆಚ್ಚಿನ ಎರರ್ ಸಮಯದ ಅಳತೆಯಿಂದ ಬಂದಿದೆ, 50 ಆಂದೋಲನ ಎಣಿಸಿದರೆ ಅದು ಇನ್ನೂ ಕಡಿಮೆಯಾಗುತ್ತದೆ."